ಪ್ರಿಪೊಸಿಷನ್ ನಂತರದ ಜಾಗ: ನಾಮಪದ, ಸರ್ವನಾಮ ಮತ್ತು ಖಾಲಿ ಬಿಟ್ಟ ಸ್ಥಾನ

ಕನ್ನಡದಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಸಂಬಂಧವನ್ನು ವಿಭಕ್ತಿ ಪ್ರತ್ಯಯ ತಿಳಿಸುತ್ತದೆ. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ಅದು ಪದದ ಕೊನೆಗೆ ಅಂಟಿಕೊಂಡೇ ಬರುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸದ ಬಹುಪಾಲನ್ನು ಮಾಡುವ ಪ್ರಿಪೊಸಿಷನ್ ನಾಮಪದಕ್ಕಿಂತ ಮೊದಲು, ಬಿಡಿಯಾಗಿ ನಿಲ್ಲುತ್ತದೆ. ‘ಟು ರವಿ’, ‘ಫ್ರಮ್ ರವಿ’, ‘ವಿತ್ ರವಿ’ ಎಂದಾಗ ನಾಮಪದದ ರೂಪ ಬದಲಾಗುವುದಿಲ್ಲ. ಆದರೆ ಆ ಜಾಗಕ್ಕೆ ಸರ್ವನಾಮ ಬಂದರೆ ‘ಐ’ ಎಂಬುದು ‘ಮಿ’, ‘ಹಿ’ ಎಂಬುದು ‘ಹಿಮ್’, ‘ದೇ’ ಎಂಬುದು ‘ದೆಮ್’ ಆಗಲೇಬೇಕು. ಇಬ್ಬರ ಹೆಸರು ಜೊತೆಯಾಗಿ ಬಂದಾಗ ಗೊಂದಲವಾಗುವುದು ಸಹಜ. ‘ಫಾರ್ ರವಿ ಅಂಡ್ ಐ’ ಸರಿಯೇ ಎಂಬ ಅನುಮಾನ ಬಂದರೆ ರವಿಯನ್ನು ತೆಗೆದು ನೋಡಿ: ‘ಫಾರ್ ಐ’ ಎಂದು ಯಾರೂ ಹೇಳುವುದಿಲ್ಲ, ಆದ್ದರಿಂದ ‘ಫಾರ್ ರವಿ ಅಂಡ್ ಮಿ’ ಎಂಬುದೇ ಸರಿ.

ಸ್ಥಳವನ್ನು ಹೇಳುವಾಗ ನಮ್ಮ ‘ಅಲ್ಲಿ’ ಪ್ರತ್ಯಯ ಒಂದೇ ಆದರೂ ಇಂಗ್ಲಿಷಿನಲ್ಲಿ ಅದು ಮೂರಾಗಿ ಒಡೆಯುತ್ತದೆ. ಬಸ್ ಹಿಡಿಯುವ ಒಂದು ಬಿಂದುವಾಗಿ ಮೆಜೆಸ್ಟಿಕ್ ಅನ್ನು ನೆನೆದರೆ ‘ಅಟ್ ಮೆಜೆಸ್ಟಿಕ್’, ಬಡಾವಣೆಯಾದರೆ ‘ಇನ್ ಜಯನಗರ’, ರಸ್ತೆಯಾದರೆ ಸಾಮಾನ್ಯವಾಗಿ ‘ಆನ್ ಎಂ.ಜಿ. ರೋಡ್’. ವಾಹನದ ವಿಷಯದಲ್ಲಿ ‘ಬೈ ಬಸ್’ ಸರಿ; ಆದರೆ ‘ಮೈ’ ಸೇರಿದ ಕೂಡಲೇ ‘ಬೈ’ ಹೋಗಿ ‘ಇನ್ ಮೈ ಕಾರ್’ ಆಗುತ್ತದೆ.

‘ನನಗೆ’ ಎಂಬ ರೂಪ ನಮ್ಮ ಬಾಯಲ್ಲಿ ಹೇಳು, ವಿವರಿಸು ಎಂಬ ಎರಡೂ ಕ್ರಿಯಾಪದಗಳ ಜೊತೆಗೆ ಸಲೀಸಾಗಿ ಹೊಂದುತ್ತದೆ. ಇಂಗ್ಲಿಷಿನಲ್ಲಿ ‘ಟು’ ಬೇಕೋ ಬೇಡವೋ ಎಂಬುದನ್ನು ಕ್ರಿಯಾಪದವೇ ನಿರ್ಧರಿಸುತ್ತದೆ. ‘ಟೆಲ್ ಮಿ’ ಎನ್ನಬೇಕು, ‘ಟೆಲ್ ಟು ಮಿ’ ಎನ್ನಬಾರದು. ‘ಎಕ್ಸ್‌ಪ್ಲೇನ್’ ಇದಕ್ಕೆ ವಿರುದ್ಧ: ‘ಎಕ್ಸ್‌ಪ್ಲೇನ್ ಇಟ್ ಟು ಮಿ’.

ಇನ್ನು ಜೋಡಿ ಕ್ರಿಯಾಪದಗಳು. ‘ಲುಕ್ ಅಟ್ ದ ವರ್ಡ್’ ಎಂದರೆ ಪದವನ್ನು ನೋಡು, ‘ಲುಕ್ ಅಪ್ ದ ವರ್ಡ್’ ಎಂದರೆ ನಿಘಂಟಿನಲ್ಲಿ ಹುಡುಕು. ನಾಮಪದ ಇರುವವರೆಗೆ ಎರಡರ ರಚನೆಯೂ ಒಂದೇ ರೀತಿ ಕಾಣುತ್ತದೆ. ಅದರ ಬದಲು ಸರ್ವನಾಮ ಹಾಕಿದರೆ ವ್ಯತ್ಯಾಸ ಹೊರಬೀಳುತ್ತದೆ: ಮೊದಲನೆಯದು ‘ಲುಕ್ ಅಟ್ ಇಟ್’, ಎರಡನೆಯದು ‘ಲುಕ್ ಇಟ್ ಅಪ್’. ಇಲ್ಲಿ ‘ಅಟ್’ ನಿಜವಾದ ಪ್ರಿಪೊಸಿಷನ್, ತನ್ನ ಸರ್ವನಾಮವನ್ನು ತನ್ನ ನಂತರವೇ ಇರಿಸಿಕೊಳ್ಳುತ್ತದೆ. ‘ಅಪ್’ ಮಾತ್ರ ಕ್ರಿಯಾಪದಕ್ಕೆ ಸೇರಿದ್ದು, ಆದ್ದರಿಂದ ಸರ್ವನಾಮ ಇವೆರಡರ ನಡುವೆ ಬರಲೇಬೇಕು. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡೂ ನಡೆಯುತ್ತವೆ, ಆದರೆ ‘ಟರ್ನ್ ಆಫ್ ಇಟ್’ ನಡೆಯದು.

ಕನ್ನಡದಲ್ಲಿ ಯೋಚಿಸುವವರಿಗೆ ಅತ್ಯಂತ ಕಷ್ಟವಾಗುವುದು ಮುಂದಿನ ರಚನೆ ಎಂಬುದು ನನ್ನ ಅಭಿಪ್ರಾಯ. ‘ನಾನು ಕುರ್ಚಿಯಲ್ಲಿ ಕುಳಿತೆ’ ಎಂಬ ವಾಕ್ಯವನ್ನು ‘ನಾನು ಕುಳಿತ ಕುರ್ಚಿ’ ಎಂದು ತಿರುಗಿಸಿದಾಗ ‘ಅಲ್ಲಿ’ ಪ್ರತ್ಯಯ ಸದ್ದಿಲ್ಲದೆ ಬಿದ್ದುಹೋಗುತ್ತದೆ. ‘ಅವಳು ಕೆಲಸ ಮಾಡುವ ಕಂಪನಿ’, ‘ನಾವು ಬಂದ ಬಸ್ಸು’ ಇವುಗಳಲ್ಲಿಯೂ ಅಷ್ಟೇ. ಸಂಬಂಧ ಯಾವುದೆಂದು ಕೇಳುಗರು ತಾವೇ ಅರಿಯುತ್ತಾರೆ. ಇಂಗ್ಲಿಷಿನಲ್ಲಿ ನಾಮಪದ ಮುಂದಕ್ಕೆ ಹೋದರೂ ಪ್ರಿಪೊಸಿಷನ್ ತನ್ನ ಜಾಗದಲ್ಲೇ ಉಳಿಯುತ್ತದೆ: ‘ದ ಚೇರ್ ಐ ಸ್ಯಾಟ್ ಆನ್’, ‘ದ ಕಂಪನಿ ಶಿ ವರ್ಕ್ಸ್ ಫಾರ್’. ಕನ್ನಡದ ಅಭ್ಯಾಸದಿಂದ ನಾವು ಆ ‘ಆನ್’, ‘ಫಾರ್’ಗಳನ್ನು ಬಿಟ್ಟುಬಿಡುತ್ತೇವೆ. ವಾಕ್ಯ ಅರ್ಧಕ್ಕೇ ನಿಂತಂತೆ ತೋರಿ ‘ದ ಚೇರ್ ಐ ಸ್ಯಾಟ್ ಆನ್ ಇಟ್’ ಎಂದು ಸರ್ವನಾಮ ತುಂಬುವವರೂ ಇದ್ದಾರೆ. ಕುರ್ಚಿಯನ್ನು ಮೊದಲೇ ಹೇಳಿಯಾಗಿರುವುದರಿಂದ ಆ ಸ್ಥಾನ ಖಾಲಿ ಇರಬೇಕು.

ಬರವಣಿಗೆಯಲ್ಲಿ ಪ್ರಿಪೊಸಿಷನ್ ಅನ್ನು ಮುಂದಕ್ಕೆ ತರುವುದೂ ಉಂಟು: ‘ದ ಚೇರ್ ಆನ್ ವಿಚ್ ಐ ಸ್ಯಾಟ್’. ಆಗ ‘ವಿಚ್’ ಅನ್ನು ಬಿಡುವಂತಿಲ್ಲ, ಅದರ ಬದಲು ‘ದಟ್’ ಹಾಕುವಂತೆಯೂ ಇಲ್ಲ. ವ್ಯಕ್ತಿಯಾದರೆ ‘ಹೂಮ್’ ಬೇಕು: ‘ದ ಟೀಚರ್ ಟು ಹೂಮ್ ಐ ಸ್ಪೋಕ್’. ಆಡುಮಾತಿನಲ್ಲಿ ‘ದ ಟೀಚರ್ ಐ ಸ್ಪೋಕ್ ಟು’ ಎಂದರೆ ಸಾಕು. ಪ್ರಶ್ನೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ‘ಯಾರಿಗಾಗಿ ಕಾಯುತ್ತಿದ್ದೀರಿ?’ ಎಂಬುದರ ‘ಗಾಗಿ’ ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಬರುತ್ತದೆ: ‘ಹೂ ಆರ್ ಯು ವೇಟಿಂಗ್ ಫಾರ್?’