ಟೈಟಾನಿಯಂ ಮೇಲಿನ ಲೇಪನ ಎಲ್ಲಿ ಕೆಡುತ್ತದೆ

ದೇಹದೊಳಗೆ ಕೂರಿಸುವ ಇಂಪ್ಲಾಂಟ್‌ಗೆ ಬಳಸುವ ಟೈಟಾನಿಯಂ ಮೂಳೆಯ ಪಕ್ಕದಲ್ಲಿ ತಂಟೆಯಿಲ್ಲದೆ ಇರಬಲ್ಲದು, ಆದರೆ ಮೂಳೆಯನ್ನು ತಾನಾಗಿ ಬೆಸೆದುಕೊಳ್ಳುವುದು ಕಷ್ಟ. ಆ ಕೆಲಸ ಬಯೋಆಕ್ಟಿವ್ ಗಾಜಿನದು. 1969ರಲ್ಲಿ ಲ್ಯಾರಿ ಹೆಂಚ್ ರೂಪಿಸಿದ 45ಎಸ್5 ಗಾಜು ದೇಹದ್ರವದಲ್ಲಿ ಕರಗುತ್ತಾ, ಮೂಳೆಯ ಖನಿಜದಂಥದೇ ಪದರವನ್ನು ತನ್ನ ಮೇಲೆ ಕಟ್ಟಿಕೊಳ್ಳುತ್ತದೆ. ಅದನ್ನು ಬಿಸಿ ಮಾಡಿ ಲೋಹಕ್ಕೆ ಕೂರಿಸಹೋದರೆ ಗಾಜು ಸ್ಫಟಿಕವಾಗಿ ಚುರುಕು ತಗ್ಗುತ್ತದೆ. ಆದ್ದರಿಂದ ಕೈಟೋಸಾನ್ ಪಾಲಿಮರ್ ಅನ್ನು ಅಂಟಾಗಿಸಿ, ಕೋಣೆಯ ಉಷ್ಣತೆಯಲ್ಲೇ ವಿದ್ಯುತ್ತಿನಿಂದ ಲೇಪಿಸುವ ದಾರಿ ನನಗೆ ಮೆಚ್ಚು.

ಒಟ್ಟು 100 ಮಿಲೀ ದ್ರಾವಣ ತಯಾರಿಸಲು 20 ಮಿಲೀ ನೀರು ಮತ್ತು 1 ಮಿಲೀ ಅಸಿಟಿಕ್ ಆಮ್ಲ ಬೆರೆಸಿ, 50 ಮಿಗ್ರಾಂ ಕೈಟೋಸಾನನ್ನು ರಾತ್ರಿಯಿಡೀ ಕಲಕಿ ಕರಗಿಸಿ. ಬಳಿಕ 79 ಮಿಲೀ ಎಥನಾಲನ್ನು ನಿಧಾನವಾಗಿ ಬಿಡಿ. ಒಮ್ಮೆಲೇ ಸುರಿದರೆ ಪಾಲಿಮರ್ ಗಂಟುಕಟ್ಟುತ್ತದೆ. ಕೊನೆಗೆ 200 ಮಿಗ್ರಾಂ ನುಣ್ಣನೆಯ ಗಾಜಿನ ಪುಡಿ, ಅರ್ಧ ಗಂಟೆ ಅಲ್ಟ್ರಾಸೋನಿಕ್ ಅಲೆಗಳಿಂದ ಕದಡಿ. ಇಂಪ್ಲಾಂಟ್ ಕ್ಯಾಥೋಡ್ (ಋಣ ಧ್ರುವ), ಎದುರಿಗೆ 1 ಸೆಂಮೀ ದೂರದಲ್ಲಿ ಪ್ಲಾಟಿನಂ. ಅಲ್ಲಿ ಸ್ಟೀಲ್ ಇಟ್ಟರೆ ಕಬ್ಬಿಣ, ನಿಕ್ಕಲ್ ದ್ರಾವಣಕ್ಕೆ ಇಳಿಯಬಹುದು. 15ರಿಂದ 20 ವೋಲ್ಟ್, 2-3 ನಿಮಿಷ.

ಎಥನಾಲ್ ಇಷ್ಟೇಕೆ? ನೀರು ಹೆಚ್ಚಿದ್ದಷ್ಟೂ ಕ್ಯಾಥೋಡ್‌ನಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಲೇಪನದಲ್ಲಿ ಸೂಜಿಮೊನೆಯ ತೂತುಗಳು ಉಳಿಯುತ್ತವೆ. ನೀರನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಅದು ಒಡೆದು ಕ್ಯಾಥೋಡ್ ಬಳಿ ಪಿಎಚ್ ಸುಮಾರು 6.5 ದಾಟಿದಾಗಲೇ ಕೈಟೋಸಾನ್ ತನ್ನ ವಿದ್ಯುದಂಶ ಕಳೆದುಕೊಂಡು ಲೋಹದ ಮೇಲೆ ಕೂರುವುದು.

ಹೆಚ್ಚಿನವರು ಎಡವುವುದು ಇದೇ ಪಿಎಚ್ ವಿಷಯದಲ್ಲಿ. ಗಾಜು ಬಿಡುವ ಸೋಡಿಯಂ, ಕ್ಯಾಲ್ಸಿಯಂನಿಂದ ಇಡೀ ದ್ರಾವಣದ ಪಿಎಚ್ ಏರುತ್ತಾ ಹೋಗುತ್ತದೆ. ಬೆಳಿಗ್ಗೆ ಹಾಲಿನಂತೆ ಸಮವಾಗಿದ್ದದ್ದು ಇಟ್ಟಲ್ಲೇ ಮೊಸರೊಡೆದಂತೆ ಕಾಣಬಹುದು. ಆಗ ವೋಲ್ಟೇಜ್ ಏರಿಸಿ ಫಲವಿಲ್ಲ. ಚೆಲ್ಲಿ, ಹೊಸದು ಮಾಡಿ. ಪುಡಿಯನ್ನು ಲೇಪನಕ್ಕೆ ತುಸು ಮುಂಚೆಯಷ್ಟೇ ಬೆರೆಸಿ.

ದಪ್ಪ ಲೇಪನದ ಆಸೆ ಬೇಡ. ಒಣಗುವಾಗ ಪದರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಬತ್ತಿದ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಮುಚ್ಚಿದ ಪಾತ್ರೆಯಲ್ಲಿ, ಎಥನಾಲ್ ಆವಿಯ ನಡುವೆ, ಒಂದು ದಿನ ಮೆಲ್ಲಗೆ ಒಣಗಲಿ.

ಅಂಟುಪಟ್ಟಿ ಹಚ್ಚಿ ಕೀಳುವ ಟೇಪ್ ಪರೀಕ್ಷೆಯಲ್ಲಿ ಒಣ ಲೇಪನ 5ಬಿ, ಅಂದರೆ ಅತ್ಯುತ್ತಮ ದರ್ಜೆ, ಪಡೆದರೂ ನಂಬಬೇಡಿ. ಕೈಟೋಸಾನ್ ನೀರು ಕುಡಿದು ಉಬ್ಬುತ್ತದೆ, ಹಿಡಿತ ಸಡಿಲವಾಗುತ್ತದೆ. 36.5 ಡಿಗ್ರಿ, ಪಿಎಚ್ 7.40ರ ಕೃತಕ ದೇಹದ್ರವದಲ್ಲಿ ಏಳು ದಿನ ನೆನೆಸಿ ಮತ್ತೆ ಪರೀಕ್ಷಿಸಿ. ಗಾಮಾ ವಿಕಿರಣದಿಂದ ರೋಗಾಣುಮುಕ್ತಗೊಳಿಸುವುದಾದರೆ ಅದು ಪಾಲಿಮರ್ ಸರಪಳಿಯನ್ನೇ ತುಂಡರಿಸುತ್ತದೆ. ಆದ್ದರಿಂದ ಈ ಪರೀಕ್ಷೆಗಳೆಲ್ಲ ವಿಕಿರಣಕ್ಕೆ ಒಡ್ಡಿದ ತುಣುಕಿನ ಮೇಲೇ ನಡೆಯಬೇಕು.