ಕೋಗಿಲೆ ಕೇಳುತ್ತೆ, ಜೀರುಂಡೆ ಕೇಳಲ್ಲ

‘ನಮ್ಮ ಅಪ್ಪನಿಗೆ ಬೇಕಾದ್ದು ಮಾತ್ರ ಕೇಳುತ್ತೆ ಮೇಡಂ.’ ಕಿವಿ ಪರೀಕ್ಷೆಗೆ ಬರುವ ಹಿರಿಯರ ಜೊತೆಗೆ ಈ ದೂರೂ ಬರುತ್ತದೆ. ಬಾಗಿಲು ಬಡಿದದ್ದು ಕೇಳುತ್ತದೆ, ಪಕ್ಕದ ಮನೆ ನಾಯಿ ಬೊಗಳಿದ್ದು ಕೇಳುತ್ತದೆ. ಸೊಸೆ ‘ತುಪ್ಪ ಹಾಕ್ಲಾ ಮಾವ?’ ಎಂದರೆ ಮಾತ್ರ ‘ಬೇಡಮ್ಮ, ಉಪ್ಪು ಸರಿಯಾಗಿದೆ’ ಎನ್ನುತ್ತಾರೆ. ಮೊದಮೊದಲು ಮನೆಯವರಿಗೆ ನಗು, ಆಮೇಲೆ ಸಿಟ್ಟು. ಅವರ ಮೇಲೆ ಈ ಸಿಟ್ಟು ಅನ್ಯಾಯ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದರೊಳಗೆ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳು, ಅಂದರೆ ತಲೆಯ ಮೇಲೆ ಕೂದಲಿನಂಥ ಎಳೆಗಳಿರುವ ಕೋಶಗಳು, ಸಾಲಾಗಿವೆ. ಸುರುಳಿಯ ಬುಡದಲ್ಲಿರುವವು ಕೀರಲು ಸದ್ದನ್ನು ಹಿಡಿಯುತ್ತವೆ, ತುದಿಯಲ್ಲಿರುವವು ದಪ್ಪ ಸದ್ದನ್ನು. ವಯಸ್ಸಾದಂತೆ ಮೊದಲು ಸೊರಗುವುದು ಬುಡದ ಕೋಶಗಳು. ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮ ತಗ್ಗಿಸುವುದಿಲ್ಲ, ಮೇಲಿನ ಸ್ಥಾಯಿಯಿಂದ ಕತ್ತರಿಸುತ್ತಾ ಬರುತ್ತದೆ. ಕೋಗಿಲೆಯ ಕೂಗು ಚೆನ್ನಾಗಿ ಕೇಳುತ್ತದೆ. ರಾತ್ರಿ ಜೀರುಂಡೆ ಯಾವಾಗ ಸುಮ್ಮನಾಯಿತೋ ಗೊತ್ತೇ ಆಗುವುದಿಲ್ಲ. ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯ ಚಿಲಿಪಿಲಿಯೂ ಹೀಗೇ ಮರೆಯಾಗುತ್ತದೆ. ಸಂಗೀತ ಬಲ್ಲವರು ಬೇಗ ಗುರುತಿಸುತ್ತಾರೆ. ತಂಬೂರಿಯಲ್ಲಿ ತಂತಿಗಳನ್ನು ಹೊತ್ತಿರುವ ಕುದುರೆಯ ಮೇಲೆ ದಾರ ಸರಿಸಿ ಹೊರಡಿಸುವ ಝೇಂಕಾರವಿದೆಯಲ್ಲ, ಅದು ಮೇಲಿನ ಸ್ಥಾಯಿಯ ಸ್ವರಾಂಶಗಳಿಂದಲೇ ತುಂಬಿರುತ್ತದೆ. ಅವು ಮಂಕಾದಾಗ ‘ತಂಬೂರಿಯಲ್ಲಿ ಜೀವ ಇಲ್ಲ’ ಎಂದು ದಾರವನ್ನೇ ಮತ್ತೆ ಮತ್ತೆ ಸರಿಸುತ್ತಿರುತ್ತಾರೆ.

ಮಾತಿಗೂ ಇದೇ ಗತಿ. ಅ, ಉ, ಓ ದಪ್ಪ ಸದ್ದುಗಳು, ಜೋರಾಗಿಯೂ ಇರುತ್ತವೆ. ತ, ಚ, ಸ, ಶ ತೆಳು. ‘ಸ’ದ ಬಲ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4,000 ಕಂಪನ) ಮೇಲೆಯೇ ಇರುತ್ತದೆ. ತುಪ್ಪದ ‘ತ’ ಉದುರಿದರೆ ಉಳಿಯುವುದು ಉಪ್ಪೇ ಅಲ್ವಾ? ಅವರಿಗೆ ನೀವು ಮಾತಾಡಿದ್ದು ಕೇಳುತ್ತದೆ, ಏನೆಂದದ್ದು ತಿಳಿಯುವುದಿಲ್ಲ. ಅದಕ್ಕೇ ಕಿರುಚಿದರೆ ಪ್ರಯೋಜನವಿಲ್ಲ. ಕಿರುಚಿದಾಗ ಸ್ವರವಷ್ಟೇ ಜೋರಾಗುತ್ತದೆ, ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಸೊರಗಿದ ಕಿವಿಗೆ ಜೋರು ಸದ್ದು ಸಹಿಸುವ ಶಕ್ತಿಯೂ ಕಡಿಮೆ. ‘ಯಾಕೆ ಕೂಗಾಡ್ತೀಯ?’ ಎಂದು ಅಪ್ಪ ಗದರಿದರೆ ಅದು ಹಟವಲ್ಲ, ಕಿವಿಗೆ ನಿಜವಾಗಿಯೂ ನೋವಾಗಿರುತ್ತದೆ.

ಟಿವಿ ಆರಿಸಿ, ಎದುರು ಬನ್ನಿ, ಮುಖಕ್ಕೆ ಬೆಳಕಿರಲಿ. ಸ್ವಲ್ಪ ನಿಧಾನವಾಗಿ ಹೇಳಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಅಲ್ಲಿಂದಲೇ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಬೇಸರಿಸಬೇಡಿ.

ಕಿವಿಗೆ ಬಿಸಿ ಎಣ್ಣೆ ಬಿಡುವುದು ಬೇಡ. ಗುಗ್ಗೆ ಕಟ್ಟಿಕೊಂಡಿದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಅದನ್ನು ತೆಗೆದರೇ ಅರ್ಧ ಸಮಸ್ಯೆ ಹೋಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಮಾತ್ರ ಅವತ್ತೇ ಹೋಗಿ. ಚಿಕಿತ್ಸೆ ತಡವಾದರೆ ಕೇಳುವ ಶಕ್ತಿ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಪರೀಕ್ಷೆ ಸುಲಭ, ನೋವಿಲ್ಲ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಹುಟ್ಟಿದ್ದು. ನನ್ನ ಕಾಳಜಿ ಇರುವುದು ಶ್ರವಣ ಸಾಧನ ತಂದ ಮೇಲಿನ ದಿನಗಳ ಬಗ್ಗೆ. ವರ್ಷಗಟ್ಟಲೆ ಕೇಳದ ಸದ್ದೆಲ್ಲ ಒಮ್ಮೆಲೇ ನುಗ್ಗುತ್ತದೆ. ಫ್ಯಾನ್, ಪಾತ್ರೆ, ಪ್ಲಾಸ್ಟಿಕ್ ಕವರಿನ ಸರಪರ. ತಲೆ ಚಿಟ್ಟು ಹಿಡಿದು ಬಹಳ ಜನ ಅದನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಮಿದುಳಿಗೆ ಅಭ್ಯಾಸವಾಗಲು ಕೆಲವು ವಾರ ಬೇಕು. ಮೊದಲು ದಿನಕ್ಕೆ ಒಂದೆರಡು ಗಂಟೆ, ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತಿನಲ್ಲಿ, ಒಬ್ಬರ ಜೊತೆ ಮಾತಾಡುವಾಗ ಹಾಕಲಿ. ಆಮೇಲೆ ಮದುವೆಮನೆ, ಸಂಗೀತ ಕಚೇರಿ. ಯಾವ ಸದ್ದು ಚುಚ್ಚುತ್ತದೆ ಎಂದು ಬರೆದಿಟ್ಟುಕೊಂಡು ಬನ್ನಿ. ಆ ಸ್ಥಾಯಿಯನ್ನಷ್ಟೇ ನಾವು ಕಂಪ್ಯೂಟರಿನಲ್ಲಿ ತಗ್ಗಿಸಿ ಕೊಡುತ್ತೇವೆ.