ತಟ್ಟೆಯಲ್ಲಿ ಸತ್ತ ಬ್ಯಾಕ್ಟೀರಿಯಾ ಮೈಯಲ್ಲೂ ಸಾಯುತ್ತಾ?

ಮೈಸೂರು ವೀಳ್ಯದೆಲೆಗೆ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು, ಇದೆ. ಜಗಿದಾಗ ಸಣ್ಣಗೆ ಖಾರ, ಹಿಂದೆಯೇ ಲವಂಗದಂಥ ವಾಸನೆ ಬರುತ್ತದಲ್ಲ, ಅದಕ್ಕೆ ಕಾರಣ ಯೂಜಿನಾಲ್, ಹೈಡ್ರಾಕ್ಸಿಚಾವಿಕಾಲ್‌ನಂಥ ಫೀನಾಲ್ ಜಾತಿಯ ವಸ್ತುಗಳು. ಬಳ್ಳಿ ಇವನ್ನು ನಮ್ಮ ನಾಲಿಗೆಗಾಗಿ ಮಾಡುವುದಿಲ್ಲ. ಹುಳ, ಬೂಷ್ಟು, ಬ್ಯಾಕ್ಟೀರಿಯಾಗಳನ್ನು ದೂರ ಇಡಲು ಮಾಡಿಕೊಳ್ಳುತ್ತದೆ. ಓಡಿಹೋಗಲು ಕಾಲಿಲ್ಲದ ಜೀವ ಇನ್ನೇನು ಮಾಡೀತು?

ಹಾಗಾಗಿ ‘ವೀಳ್ಯದೆಲೆ ರೋಗಾಣು ಕೊಲ್ಲುತ್ತದೆ’ ಅನ್ನುವ ವಾಟ್ಸಾಪ್ ಮೆಸೇಜು ಪೂರ್ತಿ ಸುಳ್ಳಲ್ಲ. ಆದರೆ ಎಲ್ಲಿ ಕೊಲ್ಲುತ್ತದೆ, ಎಷ್ಟು ಗಟ್ಟಿ ಇದ್ದಾಗ ಕೊಲ್ಲುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಮಾನಸಗಂಗೋತ್ರಿಯಲ್ಲೋ ಮಂಡ್ಯದ ಕಾಲೇಜಿನಲ್ಲೋ ಎಂಎಸ್ಸಿ ಪ್ರಾಜೆಕ್ಟು ಮಾಡುವವರಿಗೆ ಎಲೆ ಬ್ಯಾಕ್ಟೀರಿಯಾ ಕೊಲ್ಲುತ್ತದಾ ಅಂತ ನೋಡುವ ಪರೀಕ್ಷೆ ಚೆನ್ನಾಗಿ ಗೊತ್ತು. ಎಲೆ ತೊಳೆದು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಮೆಥನಾಲ್ ಅಥವಾ ಎಥನಾಲ್‌ನಲ್ಲಿ ನೆನೆಹಾಕಿ, ಸೋಸಿ, ದ್ರವವನ್ನು ಆವಿ ಮಾಡುತ್ತಾರೆ. ತಳದಲ್ಲಿ ಕಡು ಹಸಿರಿನ ಅಂಟು ಉಳಿಯುತ್ತದೆ. ಅದೇ ಸಾರ. ಇತ್ತ ಪೆಟ್ರಿ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ (ಜೆಲ್ಲಿಯಂಥ ವಸ್ತು) ಮೇಲೆ ಬ್ಯಾಕ್ಟೀರಿಯಾ ಸವರಿ, ಸಣ್ಣ ಗುಳಿ ತೋಡಿ, ಸಾರದ ಹನಿ ಬಿಟ್ಟು, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ತಟ್ಟೆ ತುಂಬ ಮಂಜಿನಂತೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಗುಳಿಯ ಸುತ್ತ ಮಾತ್ರ ಉಂಗುರದಷ್ಟು ಜಾಗ ತಿಳಿಯಾಗಿ ಉಳಿದಿದ್ದರೆ ಸಾರ ಕೆಲಸ ಮಾಡಿದೆ ಅಂತ ಅರ್ಥ. ಪಕ್ಕದ ಗುಳಿಯಲ್ಲಿ ಬರೀ ಮೆಥನಾಲ್, ಇನ್ನೊಂದರಲ್ಲಿ ಆ್ಯಂಟಿಬಯೋಟಿಕ್ ಇರಲೇಬೇಕು. ಇಲ್ಲದಿದ್ದರೆ ಕೊಂದದ್ದು ಎಲೆಯೋ ಮೆಥನಾಲೋ ತಿಳಿಯುವುದು ಹೇಗೆ?

ಉಂಗುರ ದೊಡ್ಡದಿದ್ದರೆ ಔಷಧಿ ಜೋರು ಅಂತಲೂ ಅಲ್ಲ. ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು ಅಗರ್‌ನಲ್ಲಿ ದೂರ ಹರಡುತ್ತದೆ. ಅರಿಶಿನದ ಕರ್ಕ್ಯುಮಿನ್‌ನಂಥದ್ದು ಹೆಚ್ಚು ದೂರ ಹೋಗುವುದೇ ಇಲ್ಲ. ಬ್ಯಾಕ್ಟೀರಿಯಾ ಯಾವುದು ಅನ್ನುವುದೂ ಮುಖ್ಯ. ಗಾಯ ಕೀವಾಗಿಸುವ ಸ್ಟೆಫಿಲೊಕಾಕಸ್ ಸಾಮಾನ್ಯವಾಗಿ ಬೇಗ ಬಗ್ಗುತ್ತದೆ. ಇ. ಕೋಲಿಗೆ ಹೊರಗಡೆ ಇನ್ನೊಂದು ಪೊರೆ ಇದೆ, ಬಹಳಷ್ಟು ಸಾರಗಳು ಅದನ್ನು ದಾಟಲು ಒದ್ದಾಡುತ್ತವೆ.

ಈಗ ಒಂದು ಲೆಕ್ಕ ಹಾಕೋಣ. ಒಳ್ಳೆಯ ಆ್ಯಂಟಿಬಯೋಟಿಕ್ಕಿಗೆ ಒಂದು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. ಎಲೆಗಳ ಕಚ್ಚಾ ಸಾರಕ್ಕೆ ಎಷ್ಟೋ ಸಲ ಮಿಲಿಗ್ರಾಂಗಳೇ ಬೇಕು. ಸುಮ್ನೆ ಒಂದು ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಅಷ್ಟಕ್ಕೂ ಆ ಗಟ್ಟಿತನ ಬರಲು 5 ಗ್ರಾಂ ಸಾರ ಬೇಕು. ಒಣ ಎಲೆಯ ಹತ್ತನೇ ಒಂದು ಭಾಗ ಸಾರವಾಗಿ ಸಿಕ್ಕರೂ 50 ಗ್ರಾಂ ಪುಡಿ, ಅಂದರೆ ಮುನ್ನೂರು ಗ್ರಾಂ ಮೀರುವ ಹಸಿ ಎಲೆ ಬೇಕು. ಅದೂ ಹೊಟ್ಟೆ, ಲಿವರ್ ಏನೂ ಮುಟ್ಟದೆ ಎಲ್ಲವನ್ನೂ ಸೀದಾ ರಕ್ತಕ್ಕೆ ಬಿಟ್ಟರೆ! ಲಿವರ್ ಹಾಗೆ ಬಿಡುವುದಿಲ್ಲ. ಜೊತೆಗೆ ಮನೆಯ ಕಷಾಯಕ್ಕೆ ನಾವು ಹಾಕುವುದು ನೀರು, ಮೆಥನಾಲ್ ಅಲ್ಲ. ಎರಡೂ ಹೊರಗೆಳೆಯುವ ವಸ್ತುಗಳೇ ಬೇರೆ.

ಬ್ಯಾಕ್ಟೀರಿಯಾಕ್ಕೆ ಆಗದ್ದು ನಮ್ಮ ಜೀವಕೋಶಕ್ಕೂ ಆಗದೇ ಇರಬಹುದು, ಅದನ್ನು ಉಂಗುರ ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ತೊಂದರೆ ಆಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

ಎಲೆ, ಕಾಯಿಗಳ ಬಗ್ಗೆ ಹೇಳುವ ಇನ್ನೊಂದು ಗುಣ ಆ್ಯಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದಿಂದ ಆಗುವ ಕೆಡುಕನ್ನು ತಡೆಯುವುದು. ಅದರ ಕಥೆ ಇನ್ನೂ ಬಣ್ಣದ್ದು. ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣಕ್ಕೆ ನೆಲ್ಲಿಕಾಯಿ ಸಾರ ಹಾಕಿದರೆ ಅದು ನೋಡನೋಡುತ್ತ ಹಳದಿಗೆ ತಿರುಗುತ್ತದೆ. ಎಷ್ಟು ತಿರುಗಿತು ಅನ್ನುವುದನ್ನು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. 1958ರ ವಿಧಾನ, ಅಗ್ಗ, ಸುಲಭ. ಅದಕ್ಕೇ ಎಲ್ಲರೂ ಮಾಡುತ್ತಾರೆ. ಕಾಫಿ ಹಾಕಿದರೂ ಹಳದಿಯಾಗುತ್ತದೆ ಅನ್ನಿ. ಆದರೆ ಡಿಪಿಪಿಎಚ್ ನಮ್ಮ ಮೈಯಲ್ಲಿ ಇರುವ ವಸ್ತುವೇ ಅಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳಿಗೆ ಇಂಥದ್ದೇ ಪರೀಕ್ಷೆಯ ಅಂಕ ಕೊಟ್ಟು ಪಟ್ಟಿ ಹಾಕಿತ್ತು. ಆ ಅಂಕಕ್ಕೂ ಆರೋಗ್ಯಕ್ಕೂ ನಂಟು ಕಾಣುವುದಿಲ್ಲ ಅಂತ 2012ರಲ್ಲಿ ತಾನೇ ತೆಗೆದುಹಾಕಿತು.

ಹಾಗಾದರೆ ಇದೆಲ್ಲ ದಂಡವಾ? ಅಲ್ಲ. ಸಾರ ಗಟ್ಟಿಯಾಗಿಯೇ ಹೋಗಿ ಮುಟ್ಟುವ ಜಾಗಗಳಿವೆ, ಬಾಯಿ ಅಂಥದ್ದು. ವೀಳ್ಯದೆಲೆಯ ಹೈಡ್ರಾಕ್ಸಿಚಾವಿಕಾಲ್ ಬಾಯಿಯ ಬ್ಯಾಕ್ಟೀರಿಯಾಗಳನ್ನು ತಡೆಯುವುದು ಲ್ಯಾಬಿನಲ್ಲಿ ಕಂಡಿದೆ. (ಎಲೆ ಒಳ್ಳೆಯದು ಅಂತ ಅಡಿಕೆ ಸೇರಿಸಿಕೊಳ್ಳಬೇಡಿ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿ ಎಷ್ಟೋ ವರ್ಷವಾಯಿತು.) ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬರುವ ಲವಂಗದ ವಾಸನೆ ಯೂಜಿನಾಲ್‌ದೇ. ಜಿಂಕ್ ಆಕ್ಸೈಡ್ ಪುಡಿಗೆ ಅದನ್ನು ಕಲಸಿ ಹುಳುಕು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುತ್ತಾರೆ.

ಇನ್ನೊಂದು ಜಾಗ ಎಣ್ಣೆ ಡಬ್ಬಿ. ಅದಕ್ಕೆ ಹೊಟ್ಟೆಯೂ ಇಲ್ಲ, ಲಿವರ್ರೂ ಇಲ್ಲ, ಹಾಕಿದ್ದು ಹಾಕಿದಂತೆ ಇರುತ್ತದೆ. ಎಣ್ಣೆ ಕಮಟು ಹಿಡಿಯುವುದು ಗಾಳಿಯ ಆಮ್ಲಜನಕದಿಂದ. ಅದನ್ನು ತಡೆಯುವುದೇ ಆ್ಯಂಟಿಆಕ್ಸಿಡೆಂಟಿನ ಕೆಲಸ. ರೋಸ್‌ಮೆರಿ ಎಲೆಯ ಸಾರವನ್ನು ಯುರೋಪಿನಲ್ಲಿ ಇ 392 ಅನ್ನುವ ನಂಬರಿನಡಿ ಆಹಾರಕ್ಕೆ ಬಳಸುತ್ತಾರೆ. ನಮ್ಮೂರು ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವುದೂ ಆಹಾರ ಕೆಡದಂತೆ ಇಡುವಂಥ ಕೆಲಸಕ್ಕೇ. ಕಷಾಯದ ಲೋಟಕ್ಕಿಂತ ಕೋಡುಬಳೆ ಪೊಟ್ಟಣದಲ್ಲಿ ಈ ಸಾರಗಳಿಗೆ ಜಾಸ್ತಿ ಕೆಲಸವಿದೆ ಅಂತ ನನಗನ್ನಿಸುತ್ತದೆ.